ಜೀರ್ಣಗೃಹೋದ್ಧಾರವೂ ಸೂತ್ರಧಾರಿಯೂ

ಗೃಹಸ್ಥನು ಜೀವಮಾನದಲ್ಲಿ ಮಾಡುವ ವೆಚ್ಚಗಳಲ್ಲಿ ಮನೆಯ ವೆಚ್ಚವು ಮಕ್ಕಳ ವಿವಾಹದ ವೆಚ್ಚಕ್ಕೆ ಸಮಾನವಾದುದು. ಹೊಸ ಮನೆಯನ್ನು ಕಟ್ಟಿಸುವವನು ನಾಲ್ವರನ್ನು ವಿಚಾರಿಸಿ ಕೈ ಹಾಕುವನು. ಹಿರಿಯರ ಮನೆಯನ್ನು ದುರಸ್ತಿ ಮಾಡಿಸುವವನಾದರೋ ಗೌಂಡಿಯನ್ನೂ ಬಡಿಗನನ್ನೂ ಕರೆದು ‘ಇಲ್ಲಿ ಒಡೆಯಿರಿ, ಅಲ್ಲಿ ಕಟ್ಟಿರಿ’ ಎಂದು ಅಪ್ಪಣೆಯಿತ್ತು ನಿಶ್ಚಿಂತನಾಗುವನು. ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳಲ್ಲಿ ಹಳೆಯ ಮಣ್ಣಿನ ಮಾಳಿಗೆಗಳು ಒಂದೊಂದಾಗಿ ಇಳಿದು ಸಿಮೆಂಟಿನ ಛತ್ತುಗಳು ಏಳುತ್ತಿರುವ ಈ ಕಾಲದಲ್ಲಿ ಇಂತಹ ಕೆಲಸವು ಊರೂರಿಗೂ ನಡೆದಿದೆ. ಮನೆಯ ಒಳಗನ್ನು ಯೋಚಿಸಿ ನಕ್ಷೆ ಬರೆದು ಕೊಡುವ ಒಳಾಂಗಣ ವಿನ್ಯಾಸಕನು ಮಹಾನಗರದ ಧನಿಕರಿಗೆ ತಕ್ಕವನೆಂದೂ, ಪಾಶ್ಚಾತ್ಯರಿಂದ ಬಂದ ಹೊಸ ವಿಲಾಸವೆಂದೂ ಅನೇಕರ ಎಣಿಕೆ. ಕನ್ನಡನಾಡಿನ ಇತಿಹಾಸವನ್ನು ನೋಡಿದರೆ ಈ ಎಣಿಕೆಯು ನಿಲ್ಲುವುದಿಲ್ಲ.

ಶಿಲ್ಪಶಾಸ್ತ್ರಗಳು ಕಟ್ಟಡದ ಕೆಲಸಕ್ಕೆ ನಾಲ್ವರನ್ನು ವಿಧಿಸುತ್ತವೆ. ಮಯಮತದ ಪ್ರಕಾರ ಸ್ಥಪತಿಯು ಎಲ್ಲಕ್ಕೂ ಮೊದಲಿಗನು. ಸೂತ್ರಗ್ರಾಹಿಯು ಅವನ ಮನಸ್ಸನ್ನರಿತು ಅಳತೆಯ ನೂಲನ್ನು ಹಿಡಿಯುವವನು. ತಕ್ಷಕನು ಕಲ್ಲು ಮರಗಳನ್ನು ಕಡಿಯುವವನು. ವರ್ಧಕಿಯು ಕಡಿದುದನ್ನು ಜೋಡಿಸಿ ಏರಿಸುವವನು. ಕೈಕೆಲಸದವರು ಎಷ್ಟೇ ನಿಪುಣರಾಗಿದ್ದರೂ ಸಮಗ್ರವನ್ನು ಮೊದಲೇ ಮನಸ್ಸಿನಲ್ಲಿ ಕಾಣುವವನೊಬ್ಬನು ಬೇರೆಯಾಗಿ ಬೇಕೆಂಬುದೇ ಈ ವಿಭಾಗದ ತಾತ್ಪರ್ಯ. ಅದೇ ಗ್ರಂಥವು ಜೀರ್ಣೋದ್ಧಾರಕ್ಕಾಗಿ ಪ್ರತ್ಯೇಕವಾದ ಒಂದು ಅಧ್ಯಾಯವನ್ನೇ ಮೀಸಲಿಟ್ಟಿದೆ. ಮುಖ್ಯಾಂಗಗಳ ಲಕ್ಷಣವು ಇನ್ನೂ ಕಾಣುತ್ತಿರುವ ದೇವಾಲಯವನ್ನು ಅದರ ಸ್ವಂತ ದ್ರವ್ಯಗಳಿಂದಲೇ ಸರಿಪಡಿಸಬೇಕೆಂಬುದು ಅಲ್ಲಿಯ ಅಭಿಪ್ರಾಯ. ದೇವಾಲಯಕ್ಕೆ ಹೇಳಿದ ಈ ವಿವೇಕವು ಮನೆಗೂ ಸಲ್ಲುವುದು. ಯಾವುದನ್ನು ಉಳಿಸಬೇಕು, ಯಾವುದನ್ನು ತೆಗೆಯಬೇಕು ಎಂಬ ನಿರ್ಣಯವೇ ಉದ್ಧಾರದ ಮೊದಲ ಹೆಜ್ಜೆ.

ಶಾಸ್ತ್ರದಲ್ಲಿದ್ದುದು ಆಚರಣೆಯಲ್ಲಿಯೂ ಇದ್ದಿತೆಂಬುದಕ್ಕೆ ಪಟ್ಟದಕಲ್ಲು ಸಾಕ್ಷಿಯಾಗಿದೆ. ಬಾದಾಮಿ ಚಾಲುಕ್ಯರ ಎರಡನೆಯ ವಿಕ್ರಮಾದಿತ್ಯನ ರಾಣಿಯಾದ ಲೋಕಮಹಾದೇವಿಯು ಎಂಟನೆಯ ಶತಮಾನದ ಮಧ್ಯಭಾಗದಲ್ಲಿ ಅಲ್ಲಿ ಕಟ್ಟಿಸಿದ ವಿರೂಪಾಕ್ಷ ದೇವಾಲಯದ ಶಾಸನಗಳು ಅದರ ಸೂತ್ರಧಾರಿಗಳನ್ನು ಹೆಸರಿಸುತ್ತವೆ. ಗುಂಡನೆಂಬವನಿಗೆ ತ್ರಿಭುವನಾಚಾರಿಯೆಂಬ ಬಿರುದು ದೊರೆಯಿತು. ಸರ್ವಸಿದ್ಧಿ ಆಚಾರಿಯನ್ನು ಶಾಸನವು ಅನೇಕ ಪುರಗಳನ್ನೂ ವಾಸ್ತುಗಳನ್ನೂ ಕಲ್ಪಿಸಿದ ಪಿತಾಮಹನೆಂದು ಕೊಂಡಾಡುತ್ತದೆ. ಅವನ ನೈಪುಣ್ಯದ ಪಟ್ಟಿಯಲ್ಲಿ ಮನೆ ಮತ್ತು ಪ್ರಾಸಾದಗಳ ಜತೆಗೆ ವಾಹನ, ಆಸನ, ಶಯನ, ಕಿರೀಟಗಳೂ ಸೇರಿರುವುದು ಗಮನಿಸತಕ್ಕ ವಿಷಯ. ಊರನ್ನು ಯೋಜಿಸಿದವನೇ ಕುಳಿತುಕೊಳ್ಳುವ ಪೀಠವನ್ನೂ ಮಲಗುವ ಮಂಚವನ್ನೂ ಯೋಜಿಸುತ್ತಿದ್ದನು. ಹೊರಗಿನ ಗೋಡೆಯೂ ಒಳಗಿನ ಮಂಚವೂ ಒಂದೇ ವಿದ್ಯೆಯ ಎರಡು ಮುಖಗಳೆಂದು ಹನ್ನೆರಡು ಶತಮಾನಗಳ ಹಿಂದೆಯೇ ಕನ್ನಡನಾಡು ಬಲ್ಲದು.

ಆಳಂದದ ನೆರೆಯ ಕಲ್ಯಾಣಕ್ಕೆ ಬಂದರೆ ಈ ವಿಷಯವು ಇನ್ನೂ ಸ್ಪಷ್ಟವಾಗುತ್ತದೆ. ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರನು 1129ರ ಸುಮಾರಿಗೆ ರಚಿಸಿದ ಮಾನಸೋಲ್ಲಾಸದಲ್ಲಿ ಅರಸನಿಗೆ ಉಚಿತವಾದ ಇಪ್ಪತ್ತು ಉಪಭೋಗಗಳನ್ನು ವಿವರಿಸುತ್ತಾನೆ. ಅವುಗಳಲ್ಲಿ ಮೊದಲನೆಯದು ಗೃಹ. ಆಸನ, ಶಯ್ಯೆಗಳಿಗೂ ಅಲ್ಲಿ ಪ್ರತ್ಯೇಕ ಸ್ಥಾನವಿದೆ. ಗೋಡೆಯನ್ನು ಚಿತ್ರಕ್ಕೆ ಸಿದ್ಧಪಡಿಸುವ ಕ್ರಮವನ್ನು ಸಹ ಗ್ರಂಥವು ಬಿಟ್ಟಿಲ್ಲ. ಮನೆಯ ಒಳಗಿನ ಸುಖವು ದೊರೆಯ ಲೇಖನಿಗೆ ವಿಷಯವಾಗುವಷ್ಟು ಗೌರವಾರ್ಹವಾಗಿದ್ದಿತು.

ಕಾಲವು ತಿರುಗಿ ರಾಜ್ಯವು ಬಹಮನಿಗಳ ಕೈ ಸೇರಿದರೂ ಈ ಗೌರವವು ಉಳಿಯಿತು. ಕಲಬುರಗಿಯ ಕೋಟೆಯೊಳಗಿನ ಜಾಮಿ ಮಸೀದಿಯು 1367ರದು. ಅಲ್ಲಿಯ ಶಾಸನವು ಕಜ್ವೀನಿನ ರಫಿಯ ಹೆಸರನ್ನು ಉಳಿಸಿಕೊಂಡಿದೆ. ಸಾಮಾನ್ಯವಾಗಿ ಇಂತಹ ಮಸೀದಿಗಳ ನಡುವೆ ತೆರೆದ ಅಂಗಳವಿರುವುದು. ಇಲ್ಲಿ ಅಂಗಳವೆಲ್ಲವನ್ನೂ ಚಿಕ್ಕ ಗುಮ್ಮಟಗಳಿಂದ ಮುಚ್ಚಿ, ಬೆಳಕು ಪಕ್ಕದ ಕಮಾನುಗಳಿಂದ ಒಳಗೆ ಬರುವಂತೆ ಮಾಡಿದೆ. ಬೇಸಗೆಯ ಬಿಸಿಲು ನಲವತ್ತು ಡಿಗ್ರಿಯನ್ನು ದಾಟುವ ಈ ನಾಡಿನಲ್ಲಿ, ನೆತ್ತಿಯ ಮೇಲೆ ನೆರಳು, ಪಕ್ಕದಿಂದ ಗಾಳಿ ಬೆಳಕು ಎಂಬ ಈ ಯೋಜನೆಯ ಹಿತವನ್ನು ಒಳಗೆ ಹೋಗಿ ನಿಂತವನು ಕೂಡಲೇ ಅರಿಯುವನು.

ಹಳ್ಳಿಯ ಸಾಮಾನ್ಯ ಗೃಹಸ್ಥನಿಗೆ ಬಿರುದಾಂಕಿತ ಆಚಾರಿಯು ದೊರೆಯಲಿಲ್ಲ. ಆದರೆ ತಲೆಮಾರುಗಳ ಅನುಭವವೇ ಅವನಿಗೆ ಸ್ಥಪತಿಯಾಯಿತು. ದಪ್ಪ ಕಲ್ಲುಮಣ್ಣಿನ ಗೋಡೆ, ಮರದ ಕಂಬ, ತೊಲೆ, ಜಂತಿ, ಅವುಗಳ ಮೇಲೆ ಮಣ್ಣಿನ ಮಾಳಿಗೆ, ಬೆಳಕಿಂಡಿ, ಶಹಾಬಾದದ ಹಾಸುಗಲ್ಲು, ಬೀದಿಯ ಧೂಳನ್ನು ತಡೆಯುವ ದೇವಡಿ, ನೆರಳಿನ ಪಡಸಾಲೆ: ಒಂದೊಂದೂ ಬಿಸಿಲಿಗೆ ಕೊಟ್ಟ ಉತ್ತರ. ಮಳೆಗಾಲಕ್ಕೆ ಮುನ್ನ ಮಾಳಿಗೆಗೆ ಸವಳು ಮಣ್ಣನ್ನು ಹಾಕಿ ಸೋರಿಕೆಯನ್ನು ನಿಲ್ಲಿಸುವುದು ವಾಡಿಕೆ. ಆದರೆ ಅನುಭವಕ್ಕೂ ಒಂದು ಮಿತಿಯುಂಟು. ತಂದೆ ಹಾಕಿದ ಮಣ್ಣಿನ ಮೇಲೆ ಮಗನು, ಮಗನ ಮಣ್ಣಿನ ಮೇಲೆ ಮೊಮ್ಮಗನು ಹಾಕುತ್ತ ಹೋದರೆ, ಒಟ್ಟು ಭಾರವೆಷ್ಟಾಯಿತೆಂದು ಲೆಕ್ಕ ಮಾಡುವವರು ಯಾರು?

ಈ ಪ್ರಶ್ನೆಗೆ 1993ನೆಯ ಇಸವಿಯು ಕಠೋರವಾದ ಉತ್ತರವನ್ನು ಕೊಟ್ಟಿತು. ಆ ವರ್ಷದ ಸೆಪ್ಟೆಂಬರ್ 30ರಂದು, ಗಣೇಶ ವಿಸರ್ಜನೆಯನ್ನು ಮುಗಿಸಿ ಜನರು ಮಲಗಿದ್ದ ನಸುಕಿನಲ್ಲಿ, ನಾಲ್ಕು ಗಂಟೆಗೆ ಸ್ವಲ್ಪ ಮುಂಚೆ ಲಾತೂರು ಜಿಲ್ಲೆಯ ಕಿಲ್ಲಾರಿಯ ಸುತ್ತಲ ಭೂಮಿಯು ನಡುಗಿತು. ಏಳು ಸಾವಿರಕ್ಕೂ ಮಿಕ್ಕಿ ಜನರು ಮಡಿದರು. ಆಳಂದದ ಸೀಮೆಗೆ ಅದು ದೂರದ ನಾಡಲ್ಲ. ಅಲ್ಲಿಯ ಮನೆಗಳೂ ಇಲ್ಲಿಯ ಮನೆಗಳೂ ಒಂದೇ ತೆರನಾದವು. ಜನರನ್ನು ಕೊಂದದ್ದು ಬಹುಮಟ್ಟಿಗೆ ಅವರವರ ಮನೆಯೇ. ಗೋಡೆಯ ಹೊರಮೈಯನ್ನೂ ಒಳಮೈಯನ್ನೂ ಹಿಡಿದು ಬಿಗಿಯುವ ಉದ್ದಗಲ್ಲುಗಳು ಇಲ್ಲದ್ದರಿಂದ ಗೋಡೆಗಳು ಸೀಳಿ ಬಿದ್ದವು. ಮಾಳಿಗೆಯ ಮಣ್ಣಿನ ಭಾರವು ನಿದ್ರಿಸುತ್ತಿದ್ದವರ ಮೇಲೆ ಇಳಿಯಿತು. ಮಾಳಿಗೆಯ ಭಾರವು ಗಟ್ಟಿಯಾದ ಮರದ ಕಂಬಗಳ ಮೇಲೆ ನಿಂತಿದ್ದ ಕೆಲವೆಡೆ ಗೋಡೆ ಬಿದ್ದರೂ ಮರದ ಕಟ್ಟು ನಿಂತಿತು. ಅನಂತರ ತಜ್ಞರು ಹೇಳಿದ ಉಪಾಯಗಳು ಅದ್ಭುತವಾದುವೇನೂ ಅಲ್ಲ: ಮಾಳಿಗೆಯ ಮಣ್ಣನ್ನು ಕಡಿಮೆ ಮಾಡುವುದು, ಗೋಡೆಯ ಎರಡು ಮೈಗಳನ್ನು ಬಿಗಿಯುವುದು, ಕಂಬಕ್ಕೂ ತೊಲೆಗೂ ಓರೆಗಟ್ಟು ಕೊಡುವುದು. ಬಲ್ಲವನೊಬ್ಬನು ಮೊದಲೇ ನೋಡಿದ್ದರೆ ಅಲ್ಪ ವೆಚ್ಚದಲ್ಲಿ ಆಗಬಹುದಾಗಿದ್ದ ಕೆಲಸವಿದು.

ಅಫಜಲಪುರ, ಜೇವರ್ಗಿಗಳಿಗೆ ಭೀಮಾನದಿಯು ಬೇರೊಂದು ಪಾಠವನ್ನು ಕಲಿಸಿದೆ. 2020ರ ಅಕ್ಟೋಬರದ ಪ್ರವಾಹದಲ್ಲಿ ತೀರದ ಊರುಗಳಿಗೆ ನೀರು ನುಗ್ಗಿತು. ನೆನೆದ ಮಣ್ಣಿನ ಗೋಡೆಯು ಹೊರಗೆ ಒಣಗಿದಂತೆ ಕಂಡರೂ ಬುಡದಲ್ಲಿ ಬಲಹೀನವಾಗಿರಬಹುದು. ಅದರ ಮೇಲೆ ಸಿಮೆಂಟಿನ ಗಿಲಾವನ್ನು ಬಳಿದು ಬಣ್ಣ ಹಚ್ಚಿದರೆ ತೇವವು ಒಳಗೇ ಉಳಿಯುವುದು. ರೋಗವು ಮರೆಯಾದೀತೇ ಹೊರತು ವಾಸಿಯಾಗದು. ಹಾಗೆಯೇ ಮಣ್ಣಿನ ಮಾಳಿಗೆಯನ್ನು ತೆಗೆದು ತೆಳುವಾದ ಸಿಮೆಂಟು ಛತ್ತನ್ನು ಹಾಕಿಸಿದವನು ಸೋರಿಕೆಯಿಂದ ಪಾರಾಗುವನು. ಆದರೆ ಗಾಳಿಯ ದಾರಿಯನ್ನು ಯೋಚಿಸದಿದ್ದರೆ ವೈಶಾಖದಲ್ಲಿ ಮನೆಯವರು ರಾತ್ರಿಯೆಲ್ಲ ಬೇಯಬೇಕಾಗುವುದು.

ವಿನ್ಯಾಸಕನ ಪ್ರಯೋಜನವು ಇಲ್ಲಿದೆ. ಅವನು ಮೊದಲು ಇದ್ದ ಮನೆಯನ್ನು ಅಳೆಯುವನು. ಯಾರು ಎಲ್ಲಿ ಮಲಗುವರು, ಅಡಿಗೆಯ ಹೊಗೆ ಎತ್ತ ಹೋಗುವುದು, ವೃದ್ಧರು ರಾತ್ರಿ ಬಚ್ಚಲಿಗೆ ಎಷ್ಟು ಮೆಟ್ಟಿಲು ಇಳಿಯಬೇಕು, ಧಾನ್ಯವನ್ನು ಎಲ್ಲಿ ಇಡುವುದು ಎಂದು ಕೇಳುವನು. ಅನಂತರ ನಕ್ಷೆಯನ್ನು ಬರೆದು, ವೆಚ್ಚವನ್ನು ಅಂದಾಜು ಮಾಡಿ ತೋರಿಸುವನು. ಕಾಗದದ ಮೇಲಿನ ತಪ್ಪನ್ನು ರಬ್ಬರು ಅಳಿಸುವುದು. ಕಟ್ಟಿದ ಗೋಡೆಯ ತಪ್ಪನ್ನು ಅಳಿಸಲು ಹಾರೆಯೇ ಬೇಕು. ಅವನಿಗೆ ಕೊಡುವ ಸಂಭಾವನೆಯು ಎರಡು ಸಲ ಕಟ್ಟಿ ಒಡೆಯುವ ವೆಚ್ಚವನ್ನು ಉಳಿಸಬಲ್ಲದು.

ಆದರೂ ಹೆಸರನ್ನು ಕೇಳಿ ಮರುಳಾಗಬಾರದು. 1972ರ ವಾಸ್ತುಶಿಲ್ಪಿಗಳ ಅಧಿನಿಯಮದಂತೆ ನೋಂದಣಿಯಾದವನು ಮಾತ್ರ ಆರ್ಕಿಟೆಕ್ಟನೆಂದು ಹೇಳಿಕೊಳ್ಳಬಹುದು; ಒಳಾಂಗಣ ವಿನ್ಯಾಸಕನೆಂಬ ಹೆಸರಿಗೆ ಆ ಕಟ್ಟು ಇಲ್ಲ. ಆದುದರಿಂದ ಅವನು ಹಿಂದೆ ಮಾಡಿದ ಮನೆಯನ್ನು ಕಂಡು, ಅಲ್ಲಿ ವಾಸಿಸುವವರನ್ನು ವಿಚಾರಿಸಿ, ಕೆಲಸವನ್ನೂ ಸಂಭಾವನೆಯನ್ನೂ ಬರೆಹದಲ್ಲಿ ಗೊತ್ತುಮಾಡುವುದು ಯುಕ್ತ. ಗೋಡೆಯನ್ನಾಗಲಿ ಕಂಬವನ್ನಾಗಲಿ ತೆಗೆಯುವ ಮಾತು ಬಂದಲ್ಲಿ ಭಾರದ ಲೆಕ್ಕವನ್ನು ಬಲ್ಲ ಇಂಜಿನಿಯರನ ಅಭಿಪ್ರಾಯವೂ ಅವಶ್ಯ. ಚಿತ್ತಾರಕ್ಕೆ ಒಬ್ಬನು ಸಾಕು. ಆಧಾರಕ್ಕೆ ಇನ್ನೊಬ್ಬನು ಬೇಕು.

ಪಟ್ಟದಕಲ್ಲಿನ ರಾಣಿಯು ಸೂತ್ರಧಾರಿಯ ಹೆಸರನ್ನು ಕಲ್ಲಿನಲ್ಲಿ ಕೆತ್ತಲು ಎಡೆಗೊಟ್ಟಳು. ಆಳಂದದ ಗೃಹಸ್ಥನು ಅಷ್ಟು ಮಾಡಬೇಕಾಗಿಲ್ಲ; ಹಾರೆಯನ್ನು ಎತ್ತುವ ಮೊದಲು ಬಲ್ಲವನನ್ನು ಕೇಳಿದರೆ ಸಾಕು. ಆ ಒಂದು ಮಾತಿನಿಂದ ಹಿರಿಯರ ಮನೆಯು ಉಳಿದೀತು. ಅದರೊಳಗೆ ಮಲಗುವ ಮಕ್ಕಳೂ ನಿರ್ಭಯವಾಗಿ ನಿದ್ರಿಸಿಯಾರು.