ಕರ್ನಾಟಕ ಅರಣ್ಯ ಇಲಾಖೆ

ಕರ್ನಾಟಕ ಅರಣ್ಯ ಇಲಾಖೆಯು ಕರ್ನಾಟಕ ರಾಜ್ಯದ ಸರ್ಕಾರಿ ಅರಣ್ಯಗಳನ್ನು ನಿರ್ವಹಿಸುವ ಹಾಗೂ ಅರಣ್ಯ ಮತ್ತು ವನ್ಯಜೀವಿ ಕಾನೂನುಗಳನ್ನು ಜಾರಿಗೊಳಿಸುವ ಸರ್ಕಾರಿ ಇಲಾಖೆಯಾಗಿದೆ. ಇದರ ಕೇಂದ್ರ ಕಚೇರಿ ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಅರಣ್ಯ ಭವನದಲ್ಲಿದೆ. 2021ರ ಭಾರತದ ಅರಣ್ಯ ಸ್ಥಿತಿ ವರದಿಯ ಪ್ರಕಾರ, ರಾಜ್ಯದ 1,91,791 ಚದರ ಕಿ.ಮೀ. ವಿಸ್ತೀರ್ಣದಲ್ಲಿ 38,730 ಚದರ ಕಿ.ಮೀ. (ಶೇ. 20.19) ಅರಣ್ಯ ಹೊದಿಕೆಯಿದೆ. ಉಪಗ್ರಹ ಚಿತ್ರಗಳನ್ನು ಆಧರಿಸಿದ ಈ ಅಂಕಿಯಲ್ಲಿ ಮರಗಳ ನೆರಳಿರುವ ಖಾಸಗಿ ಕಾಫಿ ತೋಟಗಳೂ ಸೇರುತ್ತವೆ. ಆದ್ದರಿಂದ ಅರಣ್ಯ ಹೊದಿಕೆ ಮತ್ತು ಇಲಾಖೆಯ ಅಧೀನದಲ್ಲಿರುವ ಅರಣ್ಯ ಭೂಮಿ ಒಂದೇ ಅಲ್ಲ.

ಇತಿಹಾಸ

ಮೈಸೂರು ಸೀಮೆಯಲ್ಲಿ ಕಾಡಿನ ಮೇಲೆ ರಾಜ್ಯದ ಹಕ್ಕು ಮೊದಲು ಬಲಗೊಂಡದ್ದು ಶ್ರೀಗಂಧದ ಮೂಲಕ. ಟಿಪ್ಪು ಸುಲ್ತಾನನ ಆಳ್ವಿಕೆಯಲ್ಲಿ ಶ್ರೀಗಂಧವು ರಾಜವೃಕ್ಷವೆನಿಸಿತು. ಅದು ಯಾರ ಜಮೀನಿನಲ್ಲಿ ಬೆಳೆದರೂ ರಾಜ್ಯದ ಸ್ವತ್ತಾಗಿತ್ತು. ಬ್ರಿಟಿಷ್ ಕಮಿಷನರುಗಳ ಆಡಳಿತವಿದ್ದಾಗ, 1864ರಲ್ಲಿ ಮೈಸೂರಿನಲ್ಲಿ ಪ್ರತ್ಯೇಕ ಅರಣ್ಯ ಇಲಾಖೆ ಸ್ಥಾಪನೆಯಾಯಿತು.

1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗ ಮುಂಬಯಿ, ಮದರಾಸು, ಹೈದರಾಬಾದ್ ಮತ್ತು ಕೊಡಗು ಆಡಳಿತಗಳಲ್ಲಿದ್ದ ಅರಣ್ಯಗಳು ಹಳೆಯ ಮೈಸೂರಿನ ಅರಣ್ಯಗಳೊಡನೆ ಸೇರಿದವು. ಇವುಗಳಲ್ಲಿದ್ದ ಬೇರೆ ಬೇರೆ ಕಾನೂನುಗಳ ಬದಲಿಗೆ ರೂಪುಗೊಂಡ 1963ರ ಕರ್ನಾಟಕ ಅರಣ್ಯ ಕಾಯ್ದೆಯು 1969ರಲ್ಲಿ ಜಾರಿಗೆ ಬಂದಿತು. ಆದರೂ ಪ್ರಾದೇಶಿಕ ಸೌಲಭ್ಯಗಳು ಅಳಿಯಲಿಲ್ಲ. ಉತ್ತರ ಕನ್ನಡದ ಸೊಪ್ಪಿನ ಬೆಟ್ಟ, ಮಲೆನಾಡಿನ ಕಾನು, ದಕ್ಷಿಣ ಕನ್ನಡದ ಕುಮ್ಕಿ ಮತ್ತು ಕೊಡಗಿನ ಬಾಣೆ ಜಮೀನುಗಳು ಈ ಹಿನ್ನೆಲೆಯವು.

ದೀರ್ಘಕಾಲ ಇಲಾಖೆಯ ಮುಖ್ಯ ಕೆಲಸ ಆದಾಯ ತರುವುದಾಗಿತ್ತು. ನಾಟಾ, ಸೌದೆ ಮತ್ತು ಬಿದಿರನ್ನು ಮಾರಲಾಗುತ್ತಿತ್ತು. ಸಹಜ ಕಾಡನ್ನು ಕಡಿದು ತೇಗದ ನೆಡುತೋಪುಗಳನ್ನು ಬೆಳೆಸಲಾಗುತ್ತಿತ್ತು. ಇದನ್ನು ವಿರೋಧಿಸಿ 1983ರ ಸೆಪ್ಟೆಂಬರಿನಲ್ಲಿ ಶಿರಸಿ ತಾಲ್ಲೂಕಿನ ಸಾಲ್ಕಣಿಯ ಗ್ರಾಮಸ್ಥರು ಮರಗಳನ್ನು ಅಪ್ಪಿ ನಿಂತರು. ಇದು ಅಪ್ಪಿಕೊ ಚಳವಳಿಯೆಂದು ಹೆಸರಾಯಿತು. 1980ರ ಅರಣ್ಯ ಸಂರಕ್ಷಣಾ ಕಾಯ್ದೆಯು ಅರಣ್ಯೇತರ ಉದ್ದೇಶಕ್ಕೆ ಅರಣ್ಯ ಭೂಮಿ ನೀಡಲು ಕೇಂದ್ರ ಸರ್ಕಾರದ ಅನುಮತಿಯನ್ನು ಕಡ್ಡಾಯಗೊಳಿಸಿತು. 1988ರ ರಾಷ್ಟ್ರೀಯ ಅರಣ್ಯ ನೀತಿಯು ಆದಾಯಕ್ಕಿಂತ ಪರಿಸರ ಸಮತೋಲನವೇ ಮುಖ್ಯವೆಂದು ಸಾರಿತು.

ಆಡಳಿತ ರಚನೆ

ಪ್ರಧಾನ ಮುಖ್ಯ ಅರಣ್ಯ ಸಂರಕ್ಷಣಾಧಿಕಾರಿ (ಅರಣ್ಯ ಪಡೆ ಮುಖ್ಯಸ್ಥರು) ಇಲಾಖೆಯ ಮುಖ್ಯಸ್ಥರು. ರಾಜ್ಯವನ್ನು 13 ಪ್ರಾದೇಶಿಕ ವೃತ್ತಗಳಾಗಿ ವಿಂಗಡಿಸಲಾಗಿದೆ. ವೃತ್ತದ ಕೆಳಗೆ ಕ್ರಮವಾಗಿ ವಿಭಾಗ, ಉಪವಿಭಾಗ, ವಲಯ, ಶಾಖೆ ಮತ್ತು ಗಸ್ತುಗಳಿವೆ. ವಿಭಾಗಕ್ಕೆ ಉಪ ಅರಣ್ಯ ಸಂರಕ್ಷಣಾಧಿಕಾರಿ, ವಲಯಕ್ಕೆ ವಲಯ ಅರಣ್ಯಾಧಿಕಾರಿ, ಶಾಖೆಗೆ ಉಪ ವಲಯ ಅರಣ್ಯಾಧಿಕಾರಿ ಹೊಣೆಯಾಗಿರುತ್ತಾರೆ. ಗಸ್ತು ಇಲಾಖೆಯ ಅತಿ ಚಿಕ್ಕ ಘಟಕ. ಅದರ ಗಡಿ, ಮರ ಮತ್ತು ಪ್ರಾಣಿಗಳ ಕಾವಲು ಅರಣ್ಯ ರಕ್ಷಕರದು. ಪ್ರತಿ ವಿಭಾಗದ ಅರಣ್ಯವನ್ನು ಸಾಮಾನ್ಯವಾಗಿ 10 ವರ್ಷಗಳಿಗೆ ಸಿದ್ಧಪಡಿಸುವ ಕಾರ್ಯಯೋಜನೆಯಂತೆ ನಿರ್ವಹಿಸಲಾಗುತ್ತದೆ. ರಾಷ್ಟ್ರೀಯ ಉದ್ಯಾನ ಮತ್ತು ಅಭಯಾರಣ್ಯಗಳಿಗೆ ಪ್ರತ್ಯೇಕ ನಿರ್ವಹಣಾ ಯೋಜನೆಗಳಿರುತ್ತವೆ. ಸಿಬ್ಬಂದಿಯ ತರಬೇತಿಗಾಗಿ ಧಾರವಾಡದಲ್ಲಿ ರಾಜ್ಯ ಅರಣ್ಯ ಅಕಾಡೆಮಿಯಿದೆ.

ಅರಣ್ಯವೆಂದು ಘೋಷಿಸುವ ಕ್ರಮ

ಒಂದು ಪ್ರದೇಶವನ್ನು ಕಾಯ್ದಿಟ್ಟ ಅರಣ್ಯವಾಗಿಸಲು ಸರ್ಕಾರವು ಮೊದಲು 1963ರ ಕಾಯ್ದೆಯ 4ನೇ ಸೆಕ್ಷನ್ ಅಡಿ ಅಧಿಸೂಚನೆ ಹೊರಡಿಸುತ್ತದೆ. ಆ ಭೂಮಿಯ ಮೇಲೆ ಜನರಿಗಿರುವ ಹಕ್ಕುಗಳನ್ನು ಅರಣ್ಯ ವ್ಯವಸ್ಥಾಪನಾಧಿಕಾರಿ ವಿಚಾರಣೆ ನಡೆಸಿ ತೀರ್ಮಾನಿಸಬೇಕು. ಅನಂತರವೇ 17ನೇ ಸೆಕ್ಷನ್ ಅಡಿ ಅಂತಿಮ ಘೋಷಣೆ ಮಾಡಲಾಗುತ್ತದೆ. ಮೊದಲ ಅಧಿಸೂಚನೆಯಾದ ಕೂಡಲೇ ಭೂಮಿಯ ಬಳಕೆಗೆ ನಿರ್ಬಂಧಗಳು ಬರುತ್ತವೆ. ಆದ್ದರಿಂದ ವಿಚಾರಣೆ ಮುಗಿಯದೆ ಉಳಿದಲ್ಲಿ ಸಾಗುವಳಿದಾರರಿಗೆ ಹಕ್ಕುಪತ್ರವೂ ದೊರೆಯುವುದಿಲ್ಲ, ಅರಣ್ಯಕ್ಕೆ ಖಚಿತ ಗಡಿಯೂ ದೊರೆಯುವುದಿಲ್ಲ. ಮಲೆನಾಡಿನ ಹಲವು ಭೂ ವಿವಾದಗಳ ಮೂಲ ಇದೇ ಆಗಿದೆ.

ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1996ರ ಡಿಸೆಂಬರ್ 12ರಂದು ನೀಡಿದ ಆದೇಶದ ಪ್ರಕಾರ, ಒಡೆತನ ಯಾರದೇ ಇದ್ದರೂ ನಿಘಂಟಿನ ಅರ್ಥದಲ್ಲಿ ಕಾಡೆನಿಸುವ ಭೂಮಿಗೂ 1980ರ ಕಾಯ್ದೆ ಅನ್ವಯಿಸುತ್ತದೆ. ಇಂತಹ ಭೂಮಿಯನ್ನು ಪರಿಭಾವಿತ ಅರಣ್ಯ ಎನ್ನುತ್ತಾರೆ. ಕರ್ನಾಟಕದಲ್ಲಿ ಮೊದಲು ಸುಮಾರು 9.94 ಲಕ್ಷ ಹೆಕ್ಟೇರ್ ಎಂದು ಗುರುತಿಸಿದ್ದ ಇದರ ವ್ಯಾಪ್ತಿಯನ್ನು 2022ರಲ್ಲಿ ಸುಮಾರು 3.3 ಲಕ್ಷ ಹೆಕ್ಟೇರಿಗೆ ಇಳಿಸಲಾಯಿತು.

ಸಂರಕ್ಷಣಾ ಕಾರ್ಯ

ಬಂಡೀಪುರ, ನಾಗರಹೊಳೆ, ಭದ್ರಾ, ಕಾಳಿ ಮತ್ತು ಬಿಳಿಗಿರಿರಂಗನಾಥಸ್ವಾಮಿ ದೇವಾಲಯ ಅರಣ್ಯಗಳು ರಾಜ್ಯದ ಹುಲಿ ಸಂರಕ್ಷಿತ ಪ್ರದೇಶಗಳು. 1973ರಲ್ಲಿ ಹುಲಿ ಯೋಜನೆ ಆರಂಭವಾದಾಗ ಆಯ್ಕೆಯಾದ 9 ಅರಣ್ಯಗಳಲ್ಲಿ ಬಂಡೀಪುರವೂ ಒಂದು. 2022ರ ಗಣತಿಯಲ್ಲಿ ರಾಜ್ಯದ ಹುಲಿಗಳ ಸಂಖ್ಯೆಯನ್ನು 563 ಎಂದು ಅಂದಾಜಿಸಲಾಯಿತು. ಬಂಡೀಪುರದ ಮೂಲಕ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರವನ್ನು 2009ರಿಂದ ನಿರ್ಬಂಧಿಸಲಾಗಿದೆ.

ಒಳಗಾಡಿನ ಕಳ್ಳಬೇಟೆ ತಡೆ ಶಿಬಿರಗಳಲ್ಲಿ ಸಿಬ್ಬಂದಿ ತಂಗಿ ಕಾಲ್ನಡಿಗೆಯಲ್ಲಿ ಗಸ್ತು ತಿರುಗುತ್ತಾರೆ. ಇವರಲ್ಲಿ ಜೇನುಕುರುಬ, ಸೋಲಿಗ ಮುಂತಾದ ಸಮುದಾಯಗಳಿಂದ ಬಂದ ತಾತ್ಕಾಲಿಕ ನೌಕರರೂ ಇದ್ದಾರೆ. ಕೆಲಸ ಅಪಾಯಕಾರಿ. ದಂತಚೋರ ವೀರಪ್ಪನ್‌ನನ್ನು ಶರಣಾಗುವಂತೆ ಮನವೊಲಿಸಲು ಹೋಗಿದ್ದ ಉಪ ಅರಣ್ಯ ಸಂರಕ್ಷಣಾಧಿಕಾರಿ ಪಿ. ಶ್ರೀನಿವಾಸ್ 1991ರ ನವೆಂಬರ್ 10ರಂದು ಅವನಿಂದ ಹತರಾದರು. ಅವರಿಗೆ ಮರಣೋತ್ತರವಾಗಿ ಕೀರ್ತಿ ಚಕ್ರ ನೀಡಲಾಯಿತು. ಪ್ರತಿ ವರ್ಷ ಸೆಪ್ಟೆಂಬರ್ 11ರಂದು ಅರಣ್ಯ ಹುತಾತ್ಮರ ದಿನವನ್ನು ಆಚರಿಸಲಾಗುತ್ತದೆ.

ಬೇಸಿಗೆಯಲ್ಲಿ ಎಲೆ ಉದುರುವ ಕಾಡುಗಳಿಗೆ ಬೆಂಕಿಯ ಭಯ ಹೆಚ್ಚು. ಬೇಸಿಗೆಗೆ ಮುನ್ನ ರಸ್ತೆ ಮತ್ತು ಗಡಿಗಳ ಉದ್ದಕ್ಕೂ ಒಣ ಹುಲ್ಲು, ತರಗೆಲೆಗಳನ್ನು ತೆಗೆದು ಬೆಂಕಿರೇಖೆ ನಿರ್ಮಿಸುತ್ತಾರೆ. ಆ ತಿಂಗಳುಗಳಿಗಾಗಿ ಬೆಂಕಿ ಕಾವಲುಗಾರರನ್ನು ನೇಮಿಸಿಕೊಳ್ಳುತ್ತಾರೆ. 2019ರ ಫೆಬ್ರುವರಿಯಲ್ಲಿ ಬಂಡೀಪುರದಲ್ಲಿ ಸಾವಿರಾರು ಎಕರೆ ಕಾಡು ಸುಟ್ಟುಹೋಯಿತು. ಒಣಗಿದ ಲಂಟಾನ ಪೊದೆಗಳು ಬೆಂಕಿಗೆ ಸುಲಭವಾಗಿ ತುತ್ತಾಗುವುದರಿಂದ ಅವುಗಳ ನಿರ್ಮೂಲನವೂ ನಿರ್ವಹಣೆಯ ಭಾಗವಾಗಿದೆ.

ಮಾನವ–ಆನೆ ಸಂಘರ್ಷ

2023ರ ಗಣತಿಯಂತೆ ರಾಜ್ಯದಲ್ಲಿ 6,395 ಕಾಡಾನೆಗಳಿದ್ದವು. ಕೊಡಗು, ಹಾಸನ, ಚಾಮರಾಜನಗರ ಮುಂತಾದ ಜಿಲ್ಲೆಗಳಲ್ಲಿ ಆನೆಗಳು ತೋಟ, ಗದ್ದೆಗಳಿಗೆ ಬರುವುದರಿಂದ ಬೆಳೆ ಹಾನಿಯೂ ಜನರ ಸಾವುನೋವೂ ಸಂಭವಿಸುತ್ತಿವೆ. ಆನೆ ಕಂದಕ, ಸೌರ ಬೇಲಿ ಮತ್ತು ರೈಲ್ವೆ ಕಂಬಿಗಳ ತಡೆಗೋಡೆ ಮುಖ್ಯ ತಡೆ ಕ್ರಮಗಳು. ಮಳೆಗಾಲದಲ್ಲಿ ಕಂದಕಗಳ ಮಣ್ಣು ಕುಸಿಯುತ್ತದೆ. ಕಂಬಿಯ ತಡೆಗೋಡೆ ಗಟ್ಟಿಯಾದರೂ ದುಬಾರಿ. ಒಂದೆಡೆ ತಡೆದ ಆನೆ ಪಕ್ಕದ ಊರಿಗೆ ತಿರುಗುವುದೂ ಉಂಟು. ಪದೇ ಪದೇ ಹಾನಿ ಮಾಡುವ ಆನೆಗಳನ್ನು ದುಬಾರೆ, ಮತ್ತಿಗೋಡು, ಸಕ್ರೆಬೈಲು ಮೊದಲಾದ ಶಿಬಿರಗಳ ಸಾಕಾನೆಗಳ ನೆರವಿನಿಂದ ಹಿಡಿಯಲಾಗುತ್ತದೆ. ಮೈಸೂರು ದಸರಾದಲ್ಲಿ ಹಲವು ವರ್ಷ ಅಂಬಾರಿ ಹೊತ್ತಿದ್ದ ಅರ್ಜುನ ಆನೆಯು 2023ರ ಡಿಸೆಂಬರಿನಲ್ಲಿ ಹಾಸನ ಜಿಲ್ಲೆಯಲ್ಲಿ ಇಂತಹ ಕಾರ್ಯಾಚರಣೆಯ ವೇಳೆ ಕಾಡಾನೆಯ ದಾಳಿಗೆ ಸಿಕ್ಕಿ ಮೃತಪಟ್ಟಿತು.

ಜನರ ಸಹಭಾಗಿತ್ವ ಮತ್ತು ಹಕ್ಕುಗಳು

1993ರಲ್ಲಿ ಜಂಟಿ ಅರಣ್ಯ ಯೋಜನೆ ಮತ್ತು ನಿರ್ವಹಣೆಯ ವ್ಯವಸ್ಥೆ ಜಾರಿಗೆ ಬಂದು, ಗ್ರಾಮ ಅರಣ್ಯ ಸಮಿತಿಗಳು ರಚನೆಯಾದವು. ಅರಣ್ಯ ಕಾಯುವ ಹೊಣೆಯೊಡನೆ ಉತ್ಪನ್ನದ ಪಾಲು ಗ್ರಾಮಸ್ಥರಿಗೂ ದೊರೆಯುವುದು ಇದರ ಉದ್ದೇಶ. 2001ರ ತಿದ್ದುಪಡಿಯು ಶ್ರೀಗಂಧದ ಒಡೆತನವನ್ನು ಜಮೀನಿನ ಮಾಲೀಕರಿಗೆ ನೀಡಿತು. ಕಡಿಯಲು ಮತ್ತು ಸಾಗಿಸಲು ಮಾತ್ರ ಅನುಮತಿ ಬೇಕು. 2011–12ರಲ್ಲಿ ಆರಂಭವಾದ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ ರೈತರು ನೆಟ್ಟು ಬದುಕಿಸಿದ ಸಸಿಗಳಿಗೆ ಪ್ರೋತ್ಸಾಹಧನ ಸಿಗುತ್ತದೆ.

2006ರ ಅರಣ್ಯ ಹಕ್ಕು ಕಾಯ್ದೆಯ ಅಡಿ ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ 2011ರಲ್ಲಿ ಸಮುದಾಯ ಹಕ್ಕುಗಳು ದೊರೆತವು. ಹುಲಿ ಸಂರಕ್ಷಿತ ಪ್ರದೇಶದೊಳಗೆ ಇಂತಹ ಹಕ್ಕು ಮಾನ್ಯವಾದದ್ದು ದೇಶದಲ್ಲಿ ಅದೇ ಮೊದಲು. ಪರಿಶಿಷ್ಟ ಪಂಗಡಕ್ಕೆ ಸೇರದ ಅರಣ್ಯವಾಸಿಗಳು ಮೂರು ತಲೆಮಾರುಗಳ, ಅಂದರೆ 75 ವರ್ಷಗಳ, ವಾಸದ ಪುರಾವೆ ಒದಗಿಸಬೇಕು. ಈ ನಿಯಮ ಮಲೆನಾಡಿನಲ್ಲಿ ಇಂದಿಗೂ ವಿವಾದದ ವಿಷಯವಾಗಿದೆ.

ಇವನ್ನೂ ನೋಡಿ

ಬಂಡೀಪುರ ರಾಷ್ಟ್ರೀಯ ಉದ್ಯಾನ
ಅಪ್ಪಿಕೊ ಚಳವಳಿ
ಪಶ್ಚಿಮ ಘಟ್ಟಗಳು