ಲಿನಕ್ಸ್‌ನಲ್ಲಿ ಗೇಮ್: ನಮ್ಮೂರ ಹುಡುಗರಿಗೆ ಒಗ್ಗೀತೇ?

ಲಿನಕ್ಸ್‌ನಲ್ಲಿ ಗೇಮ್ ಆಡಿದ್ದೀಯಾ ಅಂತ ದೇವದುರ್ಗದ ಹುಡುಗರನ್ನು ಕೇಳಿದರೆ ಹೆಚ್ಚಿನವರು ಇಲ್ಲ ಅಂತಾರೆ. ಆದರೆ ಅವರ ಕೈಯಲ್ಲಿರುವ ಆಂಡ್ರಾಯ್ಡ್ ಮೊಬೈಲಿನ ತಿರುಳೇ ಲಿನಕ್ಸ್. ಲೂಡೋ, ಬಿಜಿಎಂಐ ಎಲ್ಲಾ ಅದರ ಮೇಲೇ ಓಡುತ್ತವೆ. ಹಾಗಿದ್ದರೆ ಕಂಪ್ಯೂಟರಿನಲ್ಲಿ ಮಾತ್ರ ಅದು ಆಟಕ್ಕೆ ಬಾರದು ಅನ್ನುವ ಮಾತು ಎಲ್ಲಿಂದ ಬಂತು?

ಲಿನಸ್ ಟೋರ್ವಾಲ್ಡ್ಸ್ ಎಂಬ ಫಿನ್ಲೆಂಡ್ ವಿದ್ಯಾರ್ಥಿ 1991ರಲ್ಲಿ ಲಿನಕ್ಸ್ ಹೊರತಂದಾಗ ಗೇಮ್‌ಗಳು ಡಾಸ್‌ಗಾಗಿ ತಯಾರಾಗುತ್ತಿದ್ದವು. 1995ರಲ್ಲಿ ಮೈಕ್ರೋಸಾಫ್ಟ್ ಡೈರೆಕ್ಟ್‌ಎಕ್ಸ್ ತಂದ ಮೇಲೆ ಕಂಪನಿಗಳು ವಿಂಡೋಸ್‌ಗೇ ಅಂಟಿಕೊಂಡವು. ವಿಂಡೋಸ್ ಪ್ರೋಗ್ರಾಂಗಳನ್ನು ಲಿನಕ್ಸ್‌ನಲ್ಲಿ ಓಡಿಸುವ 'ವೈನ್' 1993ರಲ್ಲೇ ಶುರುವಾಗಿತ್ತು, ಆದರೆ ಅದನ್ನು ಹೊಂದಿಸುವುದು ಸಾಮಾನ್ಯರ ಕೈಲಾಗುವ ಕೆಲಸವಾಗಿರಲಿಲ್ಲ. 1998ರಲ್ಲಿ ಹುಟ್ಟಿದ ಲೋಕಿ ಕಂಪನಿ ಗೇಮ್‌ಗಳನ್ನು ಲಿನಕ್ಸ್‌ಗೆ ತಂದು ಮಾರಿತು. ಕೊಳ್ಳುವವರು ಸಾಲದೆ 2002ರಲ್ಲಿ ಬಾಗಿಲು ಹಾಕಿತು.

ನಮ್ಮ ತಾಲೂಕು ಊರುಗಳ ಸೈಬರ್, ಡಿಟಿಪಿ ಅಂಗಡಿಗಳಲ್ಲಿ ವಿಂಡೋಸ್‌ನದೇ ರಾಜ್ಯ. 'ನುಡಿ' ಬೇಕಾದರೂ ವಿಂಡೋಸ್, ವೈಸ್ ಸಿಟಿ ಆಡಬೇಕಾದರೂ ವಿಂಡೋಸ್. ಅದೂ ಕಾಪಿ ಸಿಡಿಯದು. ಲಿನಕ್ಸೂ ಪುಕ್ಕಟೆ, ಕದ್ದ ವಿಂಡೋಸೂ ಪುಕ್ಕಟೆ. ಗೆದ್ದದ್ದು ಕದ್ದದ್ದು! ರಾಜ್ಯದ ಸರ್ಕಾರಿ ಪ್ರೌಢಶಾಲೆಗಳ ಶಿಕ್ಷಕರಿಗಾಗಿ 2011ರಲ್ಲಿ ಶುರುವಾದ ಸಬ್ಜೆಕ್ಟ್ ಟೀಚರ್ ಫೋರಂ ತರಬೇತಿಯಲ್ಲಿ ಉಬುಂಟು ಬಳಸಿದರು. ಆದರೆ ಅದು ಪಾಠಕ್ಕೆ, ಆಟಕ್ಕಲ್ಲ.

ಗಾಳಿ ತಿರುಗಿದ್ದು ವ್ಯಾಪಾರದ ಭಯದಿಂದ. 2012ರಲ್ಲಿ ವಿಂಡೋಸ್ 8 ತನ್ನದೇ ಆಪ್ ಅಂಗಡಿ ಸಮೇತ ಬಂದಾಗ, ಸ್ಟೀಮ್‌ನಲ್ಲಿ ಗೇಮ್ ಮಾರುವ ವಾಲ್ವ್ ಕಂಪನಿಗೆ ತನ್ನ ಅಂಗಡಿಯ ಚಿಂತೆ ಹತ್ತಿತು. 2013ರಲ್ಲಿ ಸ್ಟೀಮ್ ಲಿನಕ್ಸ್‌ಗೆ ಬಂತು. 2015ರ ಸ್ಟೀಮ್ ಮಷೀನ್‌ಗಳು ನೆಲಕಚ್ಚಿದವು. ವಾಲ್ವ್ ಆದರೂ ಬಿಡಲಿಲ್ಲ. ವೈನ್ ಆಧರಿಸಿದ 'ಪ್ರೋಟಾನ್' 2018ರ ಆಗಸ್ಟ್‌ನಲ್ಲಿ ಬಂದ ಮೇಲೆ ಸಾವಿರಾರು ವಿಂಡೋಸ್ ಗೇಮ್‌ಗಳು ಒಂದು ಕ್ಲಿಕ್ಕಿಗೆ ತೆರೆದುಕೊಂಡವು. 2022ರ ಸ್ಟೀಮ್ ಡೆಕ್ ಓಡುವುದೂ ಇದರಿಂದಲೇ.

ಇನ್ನೂ ಮುಚ್ಚಿರುವ ಬಾಗಿಲು ಮೋಸತಡೆ ತಂತ್ರಾಂಶದ್ದು. ಆನ್‌ಲೈನ್ ಆಟದಲ್ಲಿ ಕಳ್ಳಾಟ ಹಿಡಿಯುವ ಇವುಗಳಲ್ಲಿ ಕೆಲವು ವಿಂಡೋಸ್‌ನ ತಳಕ್ಕೇ ಇಳಿದು ಕಾವಲು ಕಾಯುತ್ತವೆ. ವ್ಯಾಲರಂಟ್ ಲಿನಕ್ಸ್‌ನಲ್ಲಿ ನಡೆಯುವುದಿಲ್ಲ. ನಡೆಯುತ್ತಿದ್ದ ಏಪೆಕ್ಸ್ ಲೆಜೆಂಡ್ಸನ್ನೂ ಅದರ ಕಂಪನಿ 2024ರ ಅಕ್ಟೋಬರ್‌ನಲ್ಲಿ ಬಂದ್ ಮಾಡಿತು. ಅದೇ ಡೋಟಾ 2, ಕೌಂಟರ್ ಸ್ಟ್ರೈಕ್ 2 ಸರಾಗ ನಡೆಯುತ್ತವೆ, ಏಕೆಂದರೆ ಅವು ವಾಲ್ವ್‌ನ ಸ್ವಂತ ಗೇಮ್‌ಗಳು. ಅಂದರೆ ಲಿನಕ್ಸ್‌ಗೆ ಆಗುತ್ತೋ ಇಲ್ಲವೋ ಅನ್ನುವುದಕ್ಕಿಂತ, ಗೇಮಿನ ಒಡೆಯನಿಗೆ ಮನಸ್ಸಿದೆಯೋ ಇಲ್ಲವೋ ಅನ್ನುವುದೇ ದೊಡ್ಡ ಪ್ರಶ್ನೆ.

ನಮಗೆ ಈ ಮಾತು ಈಗ ಯಾಕೆಂದರೆ, 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿದಿದೆ. ಬಹಳಷ್ಟು ಹಳೇ ಕಂಪ್ಯೂಟರ್‌ಗಳಿಗೆ ವಿಂಡೋಸ್ 11 ಹಿಡಿಸುವುದಿಲ್ಲ. ಅವನ್ನು ಗುಜರಿಗೆ ಹಾಕುವ ಬದಲು ಲಿನಕ್ಸ್ ಹಾಕಿ ಎಂಬ ಸಲಹೆ ಸರಿಯೇ. ಆದರೆ ಪ್ರೋಟಾನ್ ನೆಚ್ಚಿರುವ 'ವಲ್ಕನ್' ಎಂಬ ಗ್ರಾಫಿಕ್ಸ್ ವ್ಯವಸ್ಥೆ ಹಳೇ ಇಂಟೆಲ್ ಚಿಪ್‌ಗಳಲ್ಲಿ ಇಲ್ಲ, ಇದ್ದರೂ ಅರೆಬರೆ. ಅಂಥ ಕಂಪ್ಯೂಟರಿನಲ್ಲಿ ಹೊಸ ಗೇಮ್‌ಗಳ ಆಸೆ ಬೇಡ. ಒಬ್ಬರೇ ಕೂತು ಆಡುವ ಹಳೇ ಗೇಮ್‌ಗಳು ವೈನ್‌ನಲ್ಲಿ ನಡೆದಾವು. ಗೆಳೆಯರ ಜೊತೆ ವ್ಯಾಲರಂಟೇ ಬೇಕು ಅನ್ನುವವರು ವಿಂಡೋಸ್ ಬಿಡಬೇಡಿ. ಉಳಿದವರು ಲಿನಕ್ಸನ್ನು ಪೆನ್‌ಡ್ರೈವ್‌ನಿಂದಲೇ ಓಡಿಸಿ ನೋಡಬಹುದು, ಹಾರ್ಡ್ ಡಿಸ್ಕ್ ಅಳಿಸಬೇಕಿಲ್ಲ. ಯಾವ ಗೇಮ್ ಹೇಗೆ ನಡೆಯುತ್ತದೆ ಅಂತ ಆಡಿದವರೇ ಬರೆದಿಟ್ಟ ಪಟ್ಟಿ 'ಪ್ರೋಟಾನ್‌ಡಿಬಿ'ಯಲ್ಲಿದೆ.