ರಾಗಿ ಮುದ್ದೆಗೆ ಬಿದ್ದ ಮೀನು

ಗಾಳ ಹಾಕಿ ಮೀನು ಹಿಡಿಯೋದಕ್ಕೂ ಕಾಯ್ದೆ ಕಾನೂನು ಇದೆಯೇನ್ರೀ ಅಂತ ಗೆಳೆಯರೊಬ್ಬರು ಕೇಳಿದರು. ಇದೆ ಸ್ವಾಮಿ, ನೂರಿಪ್ಪತ್ತು ವರ್ಷಕ್ಕಿಂತಲೂ ಹಳೆಯದು. ಅದರ ಜಾಡು ಹಿಡಿದು ಓದುತ್ತಾ ಹೋದವನು ಕೊನೆಗೆ ನಮ್ಮ ಕಾವೇರಿಯ ಒಂದು ಮೀನಿನ ಹತ್ತಿರ ಬಂದು ನಿಂತೆ. ಇಂಗ್ಲಿಷಿನಲ್ಲಿ ಮಹಶೀರ್. ನಮ್ಮ ಕಡೆ ಬಿಳಿಮೀನು ಅಂತಾರೆ, ದೇವಸ್ಥಾನದ ಹತ್ತಿರ ಇದ್ದರೆ ದೇವರ ಮೀನು.

ಕತೆ ಶುರುವಾಗೋದು ಮಂಗಳೂರಿನಿಂದ. ಹೆನ್ರಿ ಸಲಿವನ್ ಥಾಮಸ್ ಅಂತ ಮದರಾಸು ಸರ್ಕಾರದ ಅಧಿಕಾರಿ, ದಕ್ಷಿಣ ಕನ್ನಡದಲ್ಲಿ ಕಲೆಕ್ಟರ್ ಆಗಿದ್ದವನು. ಭಾರತದಲ್ಲಿ ಗಾಳದ ಬೇಟೆ ಬಗ್ಗೆ ಅವನು ಬರೆದ 'ದಿ ರಾಡ್ ಇನ್ ಇಂಡಿಯಾ' 1873ರಲ್ಲಿ ಮಂಗಳೂರಿನಲ್ಲೇ ಅಚ್ಚಾಯಿತು. ಬ್ರಿಟನ್ನಿನ ಸಾಲ್ಮನ್ ಮೀನನ್ನು ತಲೆಯ ಮೇಲೆ ಹೊತ್ತು ಮೆರೆಸುತ್ತಿದ್ದ ಜನಕ್ಕೆ, ಅದಕ್ಕಿಂತ ಜೋರಾಗಿ ಸೆಣಸುವ ಮೀನು ಇಲ್ಲಿದೆ ನೋಡಿ ಎಂದು ತೋರಿಸಿಕೊಟ್ಟವನು ಇವನು. ಬರೀ ಶೋಕಿಯ ಮನುಷ್ಯನಲ್ಲ. ಮರಿಗಳನ್ನೂ ಬಿಡದೆ ಬಾಚುವುದು, ನೀರಿಗೆ ವಿಷ ಬೆರೆಸುವುದು, ಇವನ್ನೆಲ್ಲ ನಿಲ್ಲಿಸಬೇಕು ಎಂದು ಸರ್ಕಾರದ ಬೆನ್ನು ಹತ್ತಿದ್ದ.

1897ರಲ್ಲಿ ಭಾರತೀಯ ಮೀನುಗಾರಿಕೆ ಕಾಯ್ದೆ ಬಂತು. ತೀರಾ ಪುಟ್ಟ ಕಾಯ್ದೆ. ಡೈನಮೈಟ್ ಸಿಡಿಸಿ ಅಥವಾ ವಿಷ ಹಾಕಿ ಮೀನು ಹಿಡಿದರೆ ಎರಡು ತಿಂಗಳವರೆಗೆ ಜೈಲು ಇಲ್ಲವೇ ಇನ್ನೂರು ರೂಪಾಯಿವರೆಗೆ ದಂಡ. ಬಲೆಯ ಕಣ್ಣು ಎಷ್ಟಿರಬೇಕು, ಯಾವ ನೀರಿನಲ್ಲಿ ಎಷ್ಟು ಕಾಲ ಹಿಡಿಯಬಾರದು ಎಂಬುದನ್ನು ಪ್ರಾಂತೀಯ ಸರ್ಕಾರಗಳು ಗೊತ್ತು ಮಾಡಬಹುದಿತ್ತು. ನಮ್ಮ ಮೈಸೂರು ಸಂಸ್ಥಾನ 1901ರಲ್ಲಿ ತನ್ನದೇ ಬೇಟೆ ಮತ್ತು ಮೀನು ಸಂರಕ್ಷಣೆಯ ರೆಗ್ಯುಲೇಶನ್ ತಂದಿತು. ಇಲ್ಲೊಂದು ತಮಾಷೆ ಇದೆ. ಶಿವನಸಮುದ್ರದ ಕೆಳಗೆ ಕಾವೇರಿಯ ಎಡದಂಡೆ ಮೈಸೂರಿನದು, ಬಲದಂಡೆಯ ಕೊಳ್ಳೇಗಾಲ 1956ರ ತನಕ ಮದರಾಸಿಗೆ ಸೇರಿತ್ತು. ಒಂದೇ ನದಿ, ಒಂದೇ ಮೀನು, ದಂಡೆಗೊಂದು ಕಾನೂನು!

ಮೀನು ಎಷ್ಟು ದೊಡ್ಡದು ಅಂತೀರಾ? 1919ರಲ್ಲಿ ರಿವೆಟ್-ಕಾರ್ನಾಕ್ ಎಂಬ ಮೇಜರ್ ಕಾವೇರಿಯಲ್ಲಿ ಹಿಡಿದದ್ದು 119 ಪೌಂಡ್. 1946ರಲ್ಲಿ ಕಬಿನಿಯಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಹಿಡಿದದ್ದು 120 ಪೌಂಡ್, ಅಂದರೆ 54 ಕೆಜಿ ಮೇಲೆ. ಸತ್ತ ಹುಲಿಗಳನ್ನು ಜೀವ ಇದ್ದ ಹಾಗೆ ನಿಲ್ಲಿಸುತ್ತಿದ್ದರಲ್ಲ, ಅದೇ ಮನೆತನದವರು.

ಸ್ವಾತಂತ್ರ್ಯ ಬಂದ ಮೇಲೆ ದೊರೆಗಳು ಹೋದರು, ಮೀನಿನ ಸುದ್ದಿಯೂ ನಿಂತಿತು. 1977-78ರಲ್ಲಿ ಮೂವರು ಇಂಗ್ಲಿಷ್ ಹುಡುಗರು ಹುಡುಕಿಕೊಂಡು ಬಂದು, ಕಾವೇರಿಯಲ್ಲಿ ತೊಂಬತ್ತು ಪೌಂಡ್ ದಾಟಿದ ಮೀನು ಹಿಡಿದು ತೋರಿಸಿದಾಗ ಜಗತ್ತಿಗೆ ಮತ್ತೆ ನೆನಪಾಯಿತು. 1972ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ದಕ್ಷಿಣ ಭಾರತ ವನ್ಯಜೀವಿ ಸಂಘ ನದಿಯ ಒಂದಷ್ಟು ಭಾಗವನ್ನು ಗುತ್ತಿಗೆಗೆ ಪಡೆದು ಕಾವಲು ಹಾಕಿತ್ತು. 1980ರಲ್ಲಿ ಸರ್ಕಾರದ ಜಂಗಲ್ ಲಾಡ್ಜಸ್ ಶುರುವಾಯಿತು. ಭೀಮೇಶ್ವರಿ, ದೊಡ್ಡಮಾಕಳಿ, ಗಾಳಿಬೋರೆಯಲ್ಲಿ ಶಿಬಿರಗಳಾದವು.

ಈ ಶಿಬಿರಗಳ ನಿಯಮ ನನಗೆ ತುಂಬ ಇಷ್ಟ. ಹಿಡಿದ ಮೀನನ್ನು ತೂಗಿ, ಪುಸ್ತಕದಲ್ಲಿ ಬರೆದು, ವಾಪಸ್ ನೀರಿಗೆ ಬಿಡಬೇಕು. ಗಾಳಕ್ಕೆ ಸಿಕ್ಕಿಸುತ್ತಿದ್ದದ್ದು ಏನು ಗೊತ್ತೇ? ರಾಗಿ ಹಿಟ್ಟು ನಾದಿ ಬೇಯಿಸಿದ ಮುದ್ದೆ! ಸಾವಿರಾರು ಮೈಲಿ ಹಾರಿ ಬಂದ ದೊರೆಗಳು ದಂಡೆ ಮೇಲೆ ರಾಗಿ ಮುದ್ದೆ ಹಿಡಿದು ಕೂರುತ್ತಿದ್ದರು. ಪಕ್ಕದಲ್ಲಿ ನದಿ ಬಲ್ಲ ಊರಿನ ಆಳು. ಇವರಲ್ಲಿ ಕೆಲವರು ಹಿಂದೆ ಅದೇ ಹೊಳೆಯಲ್ಲಿ ಡೈನಮೈಟ್ ಹಾಕುತ್ತಿದ್ದವರು. ಸಂಬಳ ಬರತೊಡಗಿದ ಮೇಲೆ ಅವರೇ ಕಾವಲುಗಾರರಾದರು. 1897ರ ದಂಡ ಮಾಡಲಾಗದ್ದನ್ನು ತಿಂಗಳ ಸಂಬಳ ಮಾಡಿತು ಅಂತ ನನ್ನ ಲೆಕ್ಕ.

ಓಡಾಟಕ್ಕೆ ಹರಿಗೋಲು. ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪಾಯೆಸ್ 1520ರ ಸುಮಾರಿಗೇ ಆನೆಗೊಂದಿಯಲ್ಲಿ ಇದನ್ನು ಕಂಡು ಬರೆದಿದ್ದಾನೆ: ಬುಟ್ಟಿಯ ಹಾಗೆ ದುಂಡಗೆ, ಹೊರಗೆ ಚರ್ಮದ ಹೊದಿಕೆ, ಹದಿನೈದಿಪ್ಪತ್ತು ಜನ ಹಿಡಿಸುತ್ತಾರೆ, ಸದಾ ಗಿರಗಿರ ತಿರುಗುತ್ತಿರುತ್ತದೆ ಅಂತ. ಈಗ ಚರ್ಮ ಹೋಗಿ ಪ್ಲಾಸ್ಟಿಕ್ಕು, ಟಾರು ಬಂದಿದೆ. ತಳ ಚಪ್ಪಟೆಯಾದ್ದರಿಂದ ಗೇಣುದ್ದ ನೀರಿದ್ದರೂ ಬಂಡೆ ಮೇಲೆ ಜಾರಿ ಹೋಗುತ್ತದೆ. ಆದರೆ ಎಲ್ಲರೂ ಒಂದೇ ಕಡೆ ವಾಲಿದರೆ ಮಗುಚಿಕೊಂಡಿತು ಅಂತಲೇ. ನಮ್ಮಲ್ಲಿ ದೋಣಿಯ ಕಾಯ್ದೆ 1917ರದು, ಹಬೆ ದೋಣಿ, ಯಂತ್ರದ ದೋಣಿಗಳನ್ನು ಮನಸ್ಸಿನಲ್ಲಿಟ್ಟು ಮಾಡಿದ್ದು. ಯಂತ್ರವಿಲ್ಲದ ದೋಣಿಗಳಿಗೂ ನೋಂದಣಿ, ಸುರಕ್ಷತೆ ಎಂಬ ಅಧ್ಯಾಯ ಸೇರಿದ್ದು 2021ರ ಒಳನಾಡು ಹಡಗು ಕಾಯ್ದೆಯಲ್ಲಿ. ನೂರು ವರ್ಷದ ಮೇಲೆ! ಶಾಂತವಾಗಿ ಕಾಣುವ ನೀರಿಗೇ ಜನ ಹೆದರುವುದಿಲ್ಲ. ಮುತ್ತತ್ತಿಯ ಮಡುಗಳಲ್ಲಿ ಎಷ್ಟು ಜನ ಹೋಗಿದ್ದಾರೆ. 2016ರ ನವೆಂಬರ್ 7ರಂದು ತಿಪ್ಪಗೊಂಡನಹಳ್ಳಿ ಜಲಾಶಯದಲ್ಲಿ ಸಿನಿಮಾ ಚಿತ್ರೀಕರಣಕ್ಕೆ ಹೆಲಿಕಾಪ್ಟರಿನಿಂದ ಹಾರಿದ ಇಬ್ಬರು ನಟರು ಮುಳುಗಿ ತೀರಿಕೊಂಡರಲ್ಲ, ಅವರ ಮೈಮೇಲೆ ಲೈಫ್ ಜಾಕೆಟ್ ಇರಲಿಲ್ಲ. ಅಲ್ಲಿ ಅಲೆಯೂ ಇರಲಿಲ್ಲ.

ಇರಲಿ, ಮೀನಿಗೆ ಬರೋಣ. 1987ರಲ್ಲಿ ಈ ದಂಡೆಗಳು ಕಾವೇರಿ ವನ್ಯಧಾಮಕ್ಕೆ ಸೇರಿದವು. 1972ರ ವನ್ಯಜೀವಿ ಕಾಯ್ದೆಯಲ್ಲಿ 'ವನ್ಯಜೀವಿ' ಎಂಬ ಪದದೊಳಗೆ ಮೀನೂ ಬರುತ್ತದೆ, ಧಾಮದೊಳಗಿನ ವನ್ಯಜೀವಿಯನ್ನು ಮುಟ್ಟುವಂತಿಲ್ಲ. ಹಿಡಿದು ಬಿಟ್ಟರೂ ಹಿಡಿದ ಹಾಗೇ ಅಲ್ಲವೇ ಎಂಬ ಪ್ರಶ್ನೆ ಎದ್ದು, 2012ರ ಹೊತ್ತಿಗೆ ಇಲ್ಲಿ ಗಾಳ ನಿಂತೇ ಹೋಯಿತು. ಕಾಯ್ದೆಯ ಪ್ರಕಾರ ಸರಿಯೇ. ಮೀನಿನ ಬಾಯಿಗೆ ಕೊಕ್ಕೆ ಸಿಕ್ಕಿಸಿ ಆಟ ಆಡೋದು ಏನು ದೊಡ್ಡಸ್ತಿಕೆ ಅಂತ ಕೇಳುವವರನ್ನೂ ನಾನು ತಪ್ಪು ಅನ್ನಲಾರೆ. ಆದರೆ ಗಾಳದ ಜೊತೆಗೇ ತೂಕದ ಪುಸ್ತಕವೂ ಮುಚ್ಚಿತು.

ಆ ಪುಸ್ತಕದ ಬೆಲೆ ಗೊತ್ತಾದದ್ದು ಆಮೇಲೆ. 1998ರಿಂದ 2012ರವರೆಗಿನ ಶಿಬಿರದ ದಾಖಲೆಗಳನ್ನು ವಿಜ್ಞಾನಿಗಳು ಲೆಕ್ಕ ಹಾಕಿದರು. 23 ಸಾವಿರ ಗಂಟೆಗೂ ಹೆಚ್ಚಿನ ಗಾಳ, 6 ಸಾವಿರಕ್ಕೂ ಹೆಚ್ಚು ಮೀನು. ಸಿಗುವ ಮೀನಿನ ಸಂಖ್ಯೆ ಏರಿತ್ತು, ಸಂತೋಷ. ಆದರೆ ಸರಾಸರಿ ತೂಕ ಇಳಿದಿತ್ತು. ಯಾಕೆಂದರೆ ಹೆಚ್ಚಿದ್ದು ನಮ್ಮ ಗೂನು ಬೆನ್ನಿನ, ಕೇಸರಿ ರೆಕ್ಕೆಯ ದೈತ್ಯನಲ್ಲ, ನೀಲಿ ರೆಕ್ಕೆಯ ಇನ್ನೊಂದು ಮಹಶೀರ್. ಅದು ಕೃಷ್ಣೆಯ ಕಡೆಯದು. 1970ರ ದಶಕದಿಂದ ಲೋನಾವಳದಲ್ಲಿ ಮರಿ ಮಾಡಿಸಿ, ಮಹಶೀರ್ ಉಳಿಸುತ್ತೇವೆ ಎಂಬ ಒಳ್ಳೆಯ ಮನಸ್ಸಿನಿಂದಲೇ ಊರೂರಿನ ಹೊಳೆಗಳಿಗೆ ಬಿಟ್ಟದ್ದು! ಹಳಬನ ಮರಿಗಳು ದಾಖಲೆಯಲ್ಲಿ ಹೆಚ್ಚುಕಮ್ಮಿ ಕಾಣೆಯಾಗಿದ್ದವು.

ಇನ್ನೂ ವಿಚಿತ್ರ ಕೇಳಿ. ನೂರೈವತ್ತು ವರ್ಷ ಜಗತ್ತೆಲ್ಲ ಬೆನ್ನು ಹತ್ತಿದ ಈ ಮೀನಿಗೆ ಶಾಸ್ತ್ರೀಯವಾಗಿ ಯಾವ ಹೆಸರು ಅಂತ ಖಚಿತವೇ ಇರಲಿಲ್ಲ. 2018ರಲ್ಲಿ ಮೋಯಾರ್ ಹೊಳೆಯಲ್ಲಿ ಸಿಕ್ಕ ಮೀನುಗಳನ್ನು ಪರೀಕ್ಷಿಸಿದಾಗ, 2007ರಲ್ಲಿ ಕೇರಳದ ಪಾಂಬಾರ್‌ನಿಂದ ವರ್ಣಿಸಿದ್ದ ಟಾರ್ ರೇಮದೇವಿಯೇ ಇದು ಎಂದು ಗೊತ್ತಾಯಿತು. ಅದೇ ವರ್ಷದ ನವೆಂಬರಿನಲ್ಲಿ ಅದು ಐಯುಸಿಎನ್‌ನ ಅತ್ಯಂತ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೂ ಸೇರಿತು.

ದೇವಸ್ಥಾನದ ನಿಯಮ ಇವೆಲ್ಲಕ್ಕಿಂತ ಹಳೆಯದು, ಹಿಡಿಯಲೇಬಾರದು ಅಷ್ಟೆ. ಅದೂ ಎಲ್ಲಾ ಸಲ ಕಾಯಲಿಲ್ಲ. 1996ರಲ್ಲಿ ಶಿಶಿಲದಲ್ಲಿ ಯಾರೋ ವಿಷ ಹಾಕಿ ಸಾವಿರಾರು ದೇವರ ಮೀನು ಸತ್ತವು. ನಿಮ್ಮಲ್ಲಿ ಯಾರಾದರೂ ರಾಮನಾಥಪುರದ ಕಡೆಯವರಿದ್ದರೆ, ಮುಂದಿನ ಸಲ ಕಾವೇರಿಗೆ ಪುರಿ ಎಸೆಯುವಾಗ ಮೇಲೆ ಬಂದ ಮೀನಿನ ರೆಕ್ಕೆ ಕೇಸರಿಯೋ ನೀಲಿಯೋ ನೋಡಿ ಬರೆಯಿರಿ.